ಅಳಿಲಿನ ಗುರುತು ನಂಬಬಹುದೇ?

ಪ್ರಶ್ನೆ: ಜರ್ಮನ್ ಸೇನಾಧಿಕಾರಿಗಳು ಸಮವಸ್ತ್ರದ ಜೊತೆ ಧರಿಸುತ್ತಿದ್ದ 1935ರ ಮಾದರಿಯ ಬಾಕು ಮಾರಾಟಕ್ಕೆ ಬಂದಿದೆ. ಅಲಗಿನ ಮೇಲೆ ಅಳಿಲಿನ ಚಿತ್ರ, ಅಲಗುಗಳ ತಯಾರಿಕೆಗೆ ಹೆಸರಾದ ಜರ್ಮನ್ ಊರು ಸೊಲಿಂಗನ್‌ನ ಹೆಸರು ಇವೆ. ಹಿಡಿ ಹಳದಿಗಟ್ಟಿದೆ. ಅಸಲಿಯೇ?
– ಓದುಗರು, ಬಳ್ಳಾರಿ

ಉತ್ತರ: ಅಳಿಲು ಐಕ್‌ಹಾರ್ನ್ ಎಂಬ ಜರ್ಮನ್ ಆಯುಧ ತಯಾರಕ ಕಂಪನಿಯ ಗುರುತು. ಹೆಸರುವಾಸಿ ಗುರುತಾದ್ದರಿಂದ ನಕಲಿ ಮಾಲಿನ ಮೇಲೂ ಧಾರಾಳವಾಗಿ ಕಾಣಸಿಗುತ್ತದೆ. ಅದೊಂದನ್ನೇ ನೋಡಿ ದುಡ್ಡು ಕೊಡಬೇಡಿ. ಮಾರುವವರನ್ನು ಕೇಳಿ ಬಾಕು ಬಿಚ್ಚಿ ನೋಡಿ. ಬೇಡವೆಂದರೆ ಅಲ್ಲಿಗೇ ಕೈಬಿಡಿ.

ತುದಿಯಲ್ಲಿರುವ ಓಕ್ ಎಲೆಯ ಗುಬುಟನ್ನು ಬರಿಗೈಯಲ್ಲಿ ಎಡಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ, ಎಲೆಗಳು ನಜ್ಜಾಗುತ್ತವೆ, ಹಿಡಿ ಬಿರುಕು ಬಿಡುತ್ತದೆ. ಗುಬುಟು ಬಂದ ಮೇಲೆ ಹಿಡಿ, ಅದರ ಕೆಳಗಿನ ಲೋಹದ ಬಳೆ, ಹದ್ದಿರುವ ಅಡ್ಡಪಟ್ಟಿ, ಕೊನೆಗೆ ವಾಷರ್ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಹಿಡಿಯೊಳಗೆ ಹೋಗುವ ಅಲಗಿನ ಬಾಲ ಅಲಗಿನದೇ ಮುಂದುವರಿಕೆಯಾಗಿ, ತುದಿಗೆ ಸಣ್ಣಗಾಗುತ್ತಾ ಹೋಗಿರಬೇಕು. ಬೇರೆ ಸರಳಿಗೆ ವೆಲ್ಡಿಂಗ್ ಮಾಡಿದ ಗಂಟು ಕಂಡರೆ ಮುಂದಿನ ಮಾತೇ ಬೇಡ.

ಈಗ ಹಿಡಿ. ಬಳೆಯೊಳಗೆ ಮುಚ್ಚಿಹೋಗಿದ್ದ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೂಲದಲ್ಲಿ ಬಿಳಿಯಿದ್ದ ಹಿಡಿ ಕಾಲಕ್ಕೆ ಹಳದಿಯಾಗಿದ್ದರೆ ಆ ಅಂಚು ತಿಳಿಯಾಗಿಯೇ ಉಳಿದಿರುತ್ತದೆ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದ ಹೊಸ ಹಿಡಿಗೆ ಒಳಗೂ ಹೊರಗೂ ಒಂದೇ ಬಣ್ಣ. ಆದರೆ ಕಾರ್ಖಾನೆಯಲ್ಲೇ ಹಳದಿ, ಕಿತ್ತಳೆ ಬಣ್ಣದಲ್ಲಿ ಮಾಡಿದವೂ ಇವೆ, ಆದ್ದರಿಂದ ಇದು ಒಂದು ಸಾಕ್ಷಿ ಅಷ್ಟೇ. ಹದ್ದಿನ ಗರಿಗಳನ್ನು ಹತ್ತು ಪಟ್ಟಿನ ಲೆನ್ಸ್‌ನಲ್ಲಿ ನೋಡಿ: ಮಸುಕಾದ ಗರಿ, ಎರಕದ ಸಣ್ಣ ಗುಳ್ಳೆ, ಅಚ್ಚಿನ ಗೆರೆ ಇದ್ದರೆ ಅನುಮಾನಿಸಿ. ಬಿಸಿ ಸೂಜಿ ಚುಚ್ಚಿ ಪರೀಕ್ಷಿಸಿ ಎನ್ನುವವರ ಮಾತು ಕೇಳಲೇಬೇಡಿ. ನೌಕಾಪಡೆಯ ಬಾಕುಗಳ ಹಿಡಿಯಲ್ಲಿರುವಂಥ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ನಮ್ಮಲ್ಲಿ ಅದಿರಿನ ಧೂಳು ಬಹಳ. ಬಾಕುಗಳನ್ನು ಬ್ರಾಸೋ ಹಚ್ಚಿ ಉಜ್ಜಬಹುದೇ?
– ಓದುಗರು, ಸಂಡೂರು

ಉತ್ತರ: ಬೇಡವೇ ಬೇಡ. ಲೇಪ ಸವೆದುಹೋಗುತ್ತದೆ, ಬೆಲೆಯೂ ಬೀಳುತ್ತದೆ. ಎರಡನೇ ಮಹಾಯುದ್ಧದ ಕಾಲದ ಸತುವಿನ ಭಾಗಗಳ ಬೂದು ಬಣ್ಣ ಕೊಳೆಯಲ್ಲ, ಹಾಗೇ ಬಿಡಿ. ನಿಮ್ಮ ಊರಿನ ಕೆಂಪು ಧೂಳು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಲೋಹಕ್ಕೆ ಹೊಳಪು ಕೊಡಲು ಬಳಸುವ ರೂಜ್ ಪುಡಿಯೂ ಕಬ್ಬಿಣದ ಆಕ್ಸೈಡೇ. ಒಣಬಟ್ಟೆಯಲ್ಲಿ ಒರೆಸಿದರೆ ಅಲಗಿನ ತುಂಬ ಗೀರು. ಮೊದಲು ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ಆಮೇಲೆ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳುವಾಗಿ ಸವರಿ. ಬರಿ ಬೆರಳ ಗುರುತು ಅಲಗಿನ ಮೇಲೆ ತುಕ್ಕಾಗಿ ಮೂಡುತ್ತದೆ, ಕೈಗವಸು ಹಾಕಿಕೊಳ್ಳಿ. ಒರೆಯೊಳಗೆ ಪದೇಪದೇ ತೂರಿಸಿ ತೆಗೆಯುವ ಚಟ ಬೇಡ. ಒರೆಯ ಬಾಯಿಯಲ್ಲಿರುವ ಪಟ್ಟಿಗಳು ಅಲಗಿನುದ್ದಕ್ಕೂ ಗೆರೆ ಎಳೆಯುತ್ತವೆ. ಸೆಲ್ಯುಲಾಯ್ಡ್ ಹಿಡಿಯವನ್ನು ಬೇಸಿಗೆಯಲ್ಲಿ ಕಬ್ಬಿಣದ ಬೀರುವಿನೊಳಗೆ ಮುಚ್ಚಿಡಬೇಡಿ. ಅದರಿಂದ ಹೊಮ್ಮುವ ಆಮ್ಲದ ಆವಿ ಪಕ್ಕದ ಲೋಹವನ್ನೂ ತಿನ್ನುತ್ತದೆ.

ಪ್ರಶ್ನೆ: ಇಂಥ ಬಾಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ?
– ಓದುಗರು, ರಾಯಚೂರು

ಉತ್ತರ: 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೇ ಕಲಮಿನಂತೆ, ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥ ಆಯುಧಕ್ಕೂ ಲೈಸೆನ್ಸ್ ಬೇಕು. ಕೊಳ್ಳುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಹೊರದೇಶದಿಂದ ತರಿಸುವುದಾದರೆ 10ನೇ ಕಲಮಿನ ಆಮದು ಲೈಸೆನ್ಸ್ ಬೇರೆ. ‘ಪುರಾತನ ವಸ್ತು, ಯಾರೂ ಕೇಳಲ್ಲ’ ಎಂಬ ವ್ಯಾಪಾರಿಯ ಮಾತಿಗೆ ಬೆಲೆಯಿಲ್ಲ: 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ಇಂಥ ವಸ್ತು ಪುರಾತನ ಎನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು, 1935ರ ಮಾದರಿಗೆ ಇನ್ನೂ ತುಂಬಿಲ್ಲ.