ಹಾನ್ಲೆಯಲ್ಲಿ ದೀಪ ಹಚ್ಚಬಾರದೇ?

ಪ್ರಶ್ನೆ: ಲಡಾಖಿನ ಹಾನ್ಲೆಯನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆಂದು ಓದಿದೆ. ಅಲ್ಲಿನ ಹಳ್ಳಿಗರು ದೀಪ ಹಚ್ಚುವಂತಿಲ್ಲವೇ? ನಮ್ಮಂಥವರು ಹೋದರೆ ವೀಕ್ಷಣಾಲಯದ ದೂರದರ್ಶಕದಲ್ಲಿ ಆಕಾಶ ನೋಡಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ದೀಪ ಹಚ್ಚಲು ಯಾವ ಅಡ್ಡಿಯೂ ಇಲ್ಲ, ಅದರ ಬೆಳಕು ಮೇಲಕ್ಕೆ ಚೆಲ್ಲಬಾರದೆಂಬುದಷ್ಟೇ ಅಲ್ಲಿನ ಕಟ್ಟಳೆ. ಚಾಂಗ್‌ಥಾಂಗ್ ವನ್ಯಜೀವಿಧಾಮದೊಳಗಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರ ಡಿಸೆಂಬರಿನಲ್ಲಿ ಮೀಸಲೆಂದು ಅಧಿಸೂಚಿಸಿದ ಮೇಲೆ, ಮನೆಯ ಹೊರಗಿನ ದೀಪಗಳಿಗೆ ಮರೆ ಕಟ್ಟುವುದು, ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಡುವುದು, ವಾಹನಗಳ ಹೆಡ್‌ಲೈಟನ್ನು ತಗ್ಗಿಸುವುದು ಮುಂತಾದ ಕ್ರಮಗಳು ಜಾರಿಗೆ ಬಂದವು. ಬಿಳಿ ಎಲ್‌ಇಡಿಗಿಂತ ಹಳದಿ ಛಾಯೆಯ ದೀಪ ಮೇಲೆನ್ನುವುದಕ್ಕೂ ಕಾರಣವಿದೆ: ಬೆಳಕಿನಲ್ಲಿರುವ ನೀಲಿಯ ಅಂಶ ಗಾಳಿಯಲ್ಲಿ ಹೆಚ್ಚು ಚದುರಿ, ಇರುಳಿನ ಆಕಾಶವನ್ನು ಬೆಳಗಿಸಿ ನಕ್ಷತ್ರಗಳನ್ನು ಮಸುಕಾಗಿಸುತ್ತದೆ, ಹಗಲಿನ ಆಕಾಶ ನೀಲಿಯಾಗಿ ಕಾಣುವುದೂ ಅದರಿಂದಲೇ. ದಿಗಂತಕ್ಕಿಂತ ತುಸುವೇ ಮೇಲಕ್ಕೆ ಓರೆಯಾಗಿ ಹೊರಟ ಬೆಳಕಂತೂ ಗಾಳಿಯಲ್ಲಿ ಬಹುದೂರ ಸಾಗುವುದರಿಂದ ಹೆಚ್ಚು ಹಾನಿಕರ. ಮರೆಯಿಲ್ಲದ ನಮ್ಮ ಬೀದಿದೀಪಗಳು ಮಾಡುತ್ತಿರುವುದು ಇದನ್ನೇ, ಅದೂ ನಾವು ತೆರುವ ವಿದ್ಯುತ್ ಬಿಲ್ಲಿನ ಖರ್ಚಿನಲ್ಲಿ.

ಇನ್ನು ವೀಕ್ಷಣೆಯ ಮಾತು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. 2 ಮೀಟರ್ ವ್ಯಾಸದ ಕನ್ನಡಿಯುಳ್ಳ ಅದರ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯ ಕೇಂದ್ರದಿಂದಲೇ ಚಾಲನೆ ಮಾಡುತ್ತಾರೆ. ಆದ್ದರಿಂದ ಅದಕ್ಕೆ ಕಣ್ಣಿಟ್ಟು ನೋಡುವ ಆಸೆ ಬೇಡ. ಖಗೋಳಜ್ಞರೂ ಹಾಗೆ ನೋಡುವುದಿಲ್ಲ, ಅವರಿಗೆ ಬೇಕಾದದ್ದನ್ನು ಕ್ಯಾಮೆರಾ ಮತ್ತು ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ರೋಹಿತಮಾಪಕಗಳು ದಾಖಲಿಸುತ್ತವೆ. ಪ್ರವಾಸಿಗರಿಗೆ ಆಕಾಶ ತೋರಿಸಲೆಂದೇ ಸುತ್ತಲಿನ ಹಳ್ಳಿಗಳ ಜನರಿಗೆ ಸಂಸ್ಥೆಯು ತರಬೇತಿಯನ್ನೂ ಸಣ್ಣ ದೂರದರ್ಶಕಗಳನ್ನೂ ಕೊಟ್ಟಿದೆ. ಕತ್ತಲು ಉಳಿದರೆ ಊರಿಗೂ ನಾಲ್ಕು ಕಾಸು ಬರುತ್ತದೆಂಬ ಈ ಏರ್ಪಾಡು, ನನ್ನ ಮಟ್ಟಿಗೆ, ಅಧಿಸೂಚನೆಗಿಂತ ಗಟ್ಟಿಯಾದ ಕಾವಲು.

ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಿ. ಲೇಹ್‌ನಲ್ಲಿ ಕೆಲವು ದಿನ ತಂಗಿ, ತೆಳುಗಾಳಿಗೆ ದೇಹವನ್ನು ಒಗ್ಗಿಸಿಕೊಂಡೇ ಮುಂದುವರಿಯಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಬೆಳಗಿಸಿದರೂ ಕಾದದ್ದೆಲ್ಲ ವ್ಯರ್ಥ, ಹಾಗಾಗಿ ಮಂದವಾದ ಕೆಂಪು ಟಾರ್ಚ್ ಒಯ್ಯಿರಿ. ಚಿತ್ರಗಳಲ್ಲಿ ಕಾಣುವ ನೀಹಾರಿಕೆಗಳ ಬಣ್ಣಗಳನ್ನು ಮಾತ್ರ ನಿರೀಕ್ಷಿಸಬೇಡಿ, ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಬೇಸಿಗೆಯ ಇರುಳಿನಲ್ಲಿ ದಕ್ಷಿಣಕ್ಕೆ, ಧನು ರಾಶಿಯ ಕಡೆ, ಆಕಾಶಗಂಗೆಯ ದಟ್ಟ ಭಾಗವನ್ನು ಬರಿಗಣ್ಣಿನಲ್ಲೇ ನೋಡಬಹುದು.

ಲಡಾಖ್ ದೂರವಾಯಿತೆಂದರೆ, ಇದೇ ಸಂಸ್ಥೆಯ ವೇಣು ಬಾಪ್ಪು ವೀಕ್ಷಣಾಲಯ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. ಸಾರ್ವಜನಿಕರಿಗೆ ಅವಕಾಶವಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಮಳೆಗಾಲವನ್ನು ಬಿಟ್ಟು ಹೊರಡಿ.