ಓದದವರಿಗೂ ಗೊತ್ತಿರುವ ಗೆಂಜಿ

ಗೆಂಜಿ ಎಂಬ ರಾಜಕುಮಾರನ ಕಥೆ ಹೇಳುವ ಹಳೆಯ ಕಾದಂಬರಿ ಗೆಂಜಿ ಮೊನೊಗತಾರಿಯನ್ನು ಜಪಾನಿನಲ್ಲಿ ಈಗಲೂ ಯಾರಾದರೂ ಓದುತ್ತಾರಾ, ಇಲ್ಲಾ ಸುಮ್ನೆ ಪಠ್ಯಪುಸ್ತಕದ ಹೆಸರಾ ಅಂತ ಕೇಳಿದ್ದೀರಿ. ಮೂಲದಲ್ಲಿ ಓದುವವರು ಕಡಿಮೆ. ಮುರಾಸಾಕಿ ಶಿಕಿಬು ಎಂಬ ಆಸ್ಥಾನದ ಮಹಿಳೆ ಅದನ್ನು ಬರೆದದ್ದು 11ನೇ ಶತಮಾನದ ಆರಂಭದಲ್ಲಿ. ಆ ಭಾಷೆ ಇಂದಿನ ಜಪಾನಿಯರಿಗೂ ಕಷ್ಟ. ಹೊಸ ಜಪಾನಿ ರೂಪದಲ್ಲೋ ಮಾಂಗಾ ಎಂಬ ಚಿತ್ರಕಥೆಯಲ್ಲೋ ಓದುವವರೇ ಜಾಸ್ತಿ.

ಆದರೆ ಅದರ ಪ್ರಭಾವ ಪುಸ್ತಕದ ಹೊರಗೆ ಹೆಚ್ಚು ಕಾಣುತ್ತದೆ. ನನಗೆ ತುಂಬಾ ಇಷ್ಟವಾದದ್ದು ಗೆಂಜಿ-ಕೋ ಎಂಬ ಪರಿಮಳದ ಆಟ. ಸುಗಂಧದ ಮರದ ಚೂರುಗಳನ್ನು ಕಾಯಿಸಿ ಐದು ಸಲ ಮೂಸಲು ಕೊಡುತ್ತಾರೆ. ಯಾವ ಪರಿಮಳ ಮತ್ತೆ ಬಂತು ಅಂತ ಗುರುತಿಸಬೇಕು. ಸಲಕ್ಕೊಂದರಂತೆ ಐದು ನೇರ ನಿಂತ ಗೆರೆ ಎಳೆದು, ಒಂದೇ ಅನ್ನಿಸಿದವುಗಳ ತಲೆ ಜೋಡಿಸಬೇಕು. ಹೀಗೆ ಒಟ್ಟು 52 ಚಿತ್ರ ಸಾಧ್ಯ. ಕಾದಂಬರಿಯಲ್ಲಿ 54 ಅಧ್ಯಾಯಗಳಿವೆ. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು, ಉಳಿದ ಹೆಸರುಗಳನ್ನು ಒಂದೊಂದು ಚಿತ್ರಕ್ಕೆ ಇಟ್ಟರು. ಲೆಕ್ಕ ಎಷ್ಟು ಚೆನ್ನಾಗಿ ಕೂತಿದೆ, ಅಲ್ವಾ? ಈ ಗೆರೆಚಿತ್ರಗಳು ಕಿಮೊನೊ ಮೇಲೆ ಈಗಲೂ ಬರುತ್ತವೆ. ಉಟ್ಟವರೆಲ್ಲ ಕಥೆ ಓದಿರಬೇಕೆಂದೇನೂ ಇಲ್ಲ.

ನೋ ಎಂಬ ಜಪಾನಿನ ಹಳೆಯ ಮುಖವಾಡದ ರಂಗಭೂಮಿಗೂ ಗೆಂಜಿ ಬಂದಿದ್ದಾನೆ. 'ಅವೊಯಿ ನೋ ಉಎ' ನಾಟಕದಲ್ಲಿ ಕಾಯಿಲೆ ಬಿದ್ದಿರುವ ಅವನ ಹೆಂಡತಿಯ ಪಾತ್ರಕ್ಕೆ ನಟರೇ ಇಲ್ಲ. ರಂಗದ ಮುಂಭಾಗದಲ್ಲಿ ಒಂದು ನಿಲುವಂಗಿ ಹಾಸಿರುತ್ತಾರೆ, ಅಷ್ಟೇ. ಅವಳನ್ನು ಕಾಡುವುದು ಇನ್ನೊಬ್ಬ ಪ್ರೇಯಸಿಯ ಹೊಟ್ಟೆಕಿಚ್ಚು. ಆ ಪ್ರೇಯಸಿ ಸತ್ತೂ ಇಲ್ಲ, ಬದುಕಿರುವಾಗಲೇ ಅವಳ ಆತ್ಮ ಬಂದು ಕಾಡುತ್ತದೆ!

ಇನ್ನು 2000ನೇ ಇಸವಿಯಲ್ಲಿ ಬಂದ 2000 ಯೆನ್ ನೋಟಿನ ಹಿಂಬದಿಯಲ್ಲಿ ಗೆಂಜಿ ಚಿತ್ರಸುರುಳಿಯ ದೃಶ್ಯವೂ ಮುರಾಸಾಕಿಯ ಚಿತ್ರವೂ ಇವೆ. ಆ ನೋಟು ಕೈಗೆ ಸಿಗುವುದೇ ಅಪರೂಪ ಅನ್ನಿ.