ಕಾರವಾರದ ಗಾಳಿಗೂ ರಾಣೆಬೆನ್ನೂರಿನ ತೆನೆಗೂ ಏನು ನಂಟು?

ಪ್ರಶ್ನೆ: ದೀಪಾವಳಿ ರಜೆಗೆ ಕಾರವಾರಕ್ಕೆ ಹೋಗಿದ್ದೆವು. ದಂಡೆಗೆ ಹೋದ ಕೂಡಲೇ ನಮ್ಮವ್ವ ‘ಗೋವಿನಜೋಳದ ತೆನಿ ಕುದಿಸಿದ ವಾಸನಿ ಬರಾಕತ್ತೈತಲ್ಲ’ ಅಂದರು. ಎಲ್ಲರೂ ನಕ್ಕೆವು. ಆಮೇಲೆ ನನಗೂ ಹಾಗೇ ಅನಿಸಿತು. ಸಮುದ್ರದ ವಾಸನೆ ಅಂದರೆ ಉಪ್ಪಿನ ವಾಸನೆ ಅಲ್ವಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಕ್ಕವರೆಲ್ಲ ಅವ್ವನ ಹತ್ತಿರ ತಪ್ಪಾಯ್ತು ಅನ್ನಬೇಕು! ಉಪ್ಪಿಗೆ ವಾಸನೆಯೇ ಇಲ್ಲ, ಬೇಕಾದರೆ ಡಬ್ಬಿ ತೆಗೆದು ಮೂಸಿ ನೋಡಿ. ದಂಡೆಯ ವಾಸನೆ ಹಲವು ವಾಸನೆಗಳ ಬೆರಕೆ. ಅದರಲ್ಲಿ ಮುಖ್ಯವಾದದ್ದು ಡೈಮೀಥೈಲ್ ಸಲ್ಫೈಡ್, ಅಂದರೆ ಡಿಎಂಎಸ್. ಗಂಧಕ ಇರುವ ವಸ್ತು ಅದು. ತೆನೆ ಕುದಿಯುವಾಗ, ಎಲೆಕೋಸು ಬೇಯುವಾಗ ಮೂಗಿಗೆ ಬರುವುದೂ ಅದೇ. 37 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಏಪ್ರಿಲ್ ಮಧ್ಯಾಹ್ನ ಗದಗಿನಲ್ಲಿ ಬಾಟಲಿ ಮುಚ್ಚಳ ತೆಗೆದಿಟ್ಟರೆ ಒಲೆ ಇಲ್ಲದೇ ಹಾರಿಹೋಗುತ್ತದೆ.

ತೆನೆಯೊಳಗೆ ಗಂಧಕದ ಒಂದು ಸಂಯುಕ್ತ ಮೊದಲೇ ಇರುತ್ತದೆ, ಒಲೆಯ ಬಿಸಿಗೆ ಅದು ಒಡೆದು ಡಿಎಂಎಸ್ ಬರುತ್ತದೆ. ಆದರೆ ಸಮುದ್ರದಲ್ಲಿ ಒಲೆ ಎಲ್ಲಿದೆ? ಅಲ್ಲಿ ಆ ಕೆಲಸ ಮಾಡುವುದು ಕಿಣ್ವಗಳು. ತಣ್ಣಗಿನ ನೀರಿನಲ್ಲೇ ಮಾಡಿ ಮುಗಿಸುತ್ತವೆ.

ಮಾವಿನಕಾಯಿ ಹೋಳಿಗೆ ಉಪ್ಪು ಸವರಿಟ್ಟರೆ ನೀರು ಬಿಡುತ್ತದಲ್ಲ? ಸಮುದ್ರದಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಗಳಿಗೂ ಅದೇ ಕಷ್ಟ, ಸುತ್ತಲಿನ ಉಪ್ಪು ಅವುಗಳ ಒಳಗಿನ ನೀರನ್ನು ಎಳೆಯುತ್ತದೆ. ಅದನ್ನು ತಡೆಯಲು ಬಹಳಷ್ಟು ಪಾಚಿಗಳು ಡಿಎಂಎಸ್‌ಪಿ ಅನ್ನುವ ಗಂಧಕದ ಸಂಯುಕ್ತವನ್ನು ತಮ್ಮೊಳಗೆ ತುಂಬಿಕೊಂಡಿರುತ್ತವೆ. ಪಾಚಿ ಸತ್ತರೆ, ಅಥವಾ ಯಾವುದಾದರೂ ಸಣ್ಣ ಪ್ರಾಣಿ ಅದನ್ನು ಕಡಿದರೆ, ಇದು ನೀರಿಗೆ ಬರುತ್ತದೆ. ಬ್ಯಾಕ್ಟೀರಿಯಾಗಳಿಗೆ ಹಬ್ಬ! ಐದು ಕಾರ್ಬನ್ನಿನ ಈ ಅಣುವನ್ನು ಅವುಗಳ ಕಿಣ್ವ ಗಂಧಕದ ಪಕ್ಕದಲ್ಲೇ ಕತ್ತರಿಸುತ್ತದೆ. ಮೂರು ಕಾರ್ಬನ್ನಿನ ತುಂಡು ಊಟಕ್ಕೆ. ಎರಡು ಕಾರ್ಬನ್, ಒಂದು ಗಂಧಕ ಇರುವ ಇನ್ನೊಂದು ತುಂಡೇ ನಮ್ಮ ಡಿಎಂಎಸ್.

ನನಗೆ ಜಾಸ್ತಿ ಇಷ್ಟವಾಗುವುದು ಈ ಕತ್ತರಿಗಳ ಕಥೆ. ಮೊದಲನೆಯದರ ಜೀನ್ ಪತ್ತೆಯಾದದ್ದು 2007ರಲ್ಲಿ, ಇಂಗ್ಲೆಂಡಿನಲ್ಲಿ, ಸಮುದ್ರದ ಪಕ್ಕದ ಉಪ್ಪು ಜೌಗಿನ ಹುಲ್ಲಿನ ಬೇರಿನ ಹತ್ತಿರ ಸಿಕ್ಕಿದ ಬ್ಯಾಕ್ಟೀರಿಯಾದಲ್ಲಿ. ಅದಕ್ಕೆ ‘ಡಿಡಿಡಿ-ಡಿ’ ಎಂದು ಹೆಸರಿಟ್ಟರು. ಆಮೇಲೆ ಎಲ್, ಪಿ, ಕ್ಯೂ, ಡಬ್ಲ್ಯೂ, ವೈ, ಕೆ ಅಂತ ಒಂದೊಂದಾಗಿ ಸಿಗುತ್ತಾ ಹೋದವು. ಎಲ್ಲದರ ಅಡ್ಡಹೆಸರೂ ಡಿಡಿಡಿ, ಆದರೆ ನಮ್ಮ ಕಡೆ ಪಾಟೀಲರೆಲ್ಲ ಒಂದೇ ಮನೆಯವರಲ್ಲವಲ್ಲ, ಹಾಗೇ ಇದು! ಎಲ್, ಕ್ಯೂ, ಡಬ್ಲ್ಯೂ, ಕೆ ಇವು ದಾಯಾದಿಗಳು. ಪಿ ಮಾತ್ರ ಪ್ರೋಟೀನ್ ಕತ್ತರಿಸುವ ಕಿಣ್ವಗಳ ವಂಶದ್ದು, ಆದರೆ ಆ ಕಸಬು ಬಿಟ್ಟು ಇಲ್ಲಿ ಬಂದು ಕೂತಿದೆ. ಅಂದರೆ ಒಂದೇ ಕೆಲಸವನ್ನು ಬೇರೆ ಬೇರೆ ಮನೆತನದವರು ತಾವಾಗಿಯೇ ಕಲಿತಿದ್ದಾರೆ.

ಕೆಲವು ಪಾಚಿಗಳ ಹತ್ತಿರ ಸ್ವಂತ ಕತ್ತರಿಯೂ ಇದೆ. ಅದರ ಹೆಸರು ಆಲ್ಮಾ-1, ಪತ್ತೆಯಾದದ್ದು 2015ರಲ್ಲಿ. ಪಾಚಿಯ ಕೋಶ ಒಡೆದಾಗ ಡಿಎಂಎಸ್ ಭರಭರ ಹೊರಬರುವುದು ನೋಡಿದರೆ ಉಳ್ಳಾಗಡ್ಡಿ ನೆನಪಾಗುತ್ತದೆ. ಇಡೀ ಗಡ್ಡೆ ಸುಮ್ನೆ ಕೂತಿರುತ್ತದೆ. ಹೆಚ್ಚಿದ ಕೂಡಲೇ ಒಳಗೆ ಬೇರೆ ಬೇರೆ ಇದ್ದ ಕಿಣ್ವವೂ ಗಂಧಕದ ವಸ್ತುವೂ ಕೂಡಿ ಕಣ್ಣಲ್ಲಿ ನೀರು ತರಿಸುತ್ತವೆ.

ಪ್ರಶ್ನೆ: ಮೋಡ ಆಗುವುದೂ ಈ ವಾಸನೆಯಿಂದಲೇ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಧ ನಿಜ. ಡಿಎಂಎಸ್ ಗಾಳಿಗೆ ಸೇರಿದ ಮೇಲೆ ಬದಲಾಗಿ ಸಲ್ಫೇಟಿನ ಸಣ್ಣ ಕಣಗಳಾಗುತ್ತದೆ. ಆವಿ ಹನಿಯಾಗಬೇಕಾದರೆ ಹಿಡಿದುಕೊಳ್ಳಲು ಇಂಥ ಕಣ ಬೇಕು. ಆದರೆ ಧೂಳು, ಕಡಲ ಉಪ್ಪು, ಹೊಗೆ ಇವೂ ಆ ಕೆಲಸ ಮಾಡುತ್ತವೆ, ಹಾಗಾಗಿ ಧಾರವಾಡದ ಮಳೆಯನ್ನೆಲ್ಲ ಬ್ಯಾಕ್ಟೀರಿಯಾದ ಖಾತೆಗೆ ಬರೆಯಬೇಡಿ. ಪಾಚಿ, ಡಿಎಂಎಸ್, ಮೋಡ ಮೂರೂ ಸೇರಿ ಭೂಮಿಯ ಬಿಸಿಯನ್ನು ಹದದಲ್ಲಿಡುತ್ತವೆ ಅಂತ 1987ರಲ್ಲಿ ಲವ್‌ಲಾಕ್ ಮತ್ತು ಇನ್ನು ಮೂವರು ವಿಜ್ಞಾನಿಗಳು ಹೇಳಿದ್ದರು. ಚಂದದ ವಿಚಾರ, ಆದರೆ ಆಮೇಲೆ ಅಳತೆ ಮಾಡುತ್ತಾ ಹೋದಂತೆ ಸಂಗತಿ ಅಷ್ಟು ಸರಳ ಕಾಣಲಿಲ್ಲ. ಜೊತೆಗೆ, ಬಹಳಷ್ಟು ಬ್ಯಾಕ್ಟೀರಿಯಾಗಳು ಇನ್ನೊಂದು ದಾರಿ ಹಿಡಿಯುತ್ತವೆ. ಗಂಧಕವನ್ನು ಹಾರಲು ಬಿಡದೆ ತಮ್ಮ ಮೈಗೇ ಸೇರಿಸಿಕೊಳ್ಳುತ್ತವೆ. ಹುಟ್ಟಿದ ಡಿಎಂಎಸ್‌ನಲ್ಲೂ ಹೆಚ್ಚಿನದು ನೀರಲ್ಲೇ ಮುಗಿದುಹೋಗುತ್ತದೆ, ಗಾಳಿ ಸೇರುವುದು ಸಣ್ಣ ಪಾಲು.

ಪ್ರಶ್ನೆ: ನಮ್ಮ ಓಣಿಯ ಗಟಾರದ ವಾಸನೆಯೂ ಅದೇನಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಅಲ್ಲ ಸರ್. ಗಟಾರದ ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಗಾಳಿ ಸಿಗದ ಕೆಸರಿನಲ್ಲಿ ಆಕ್ಸಿಜನ್ ಬದಲು ಸಲ್ಫೇಟ್ ಬಳಸಿ ಉಸಿರಾಡುವ ಬ್ಯಾಕ್ಟೀರಿಯಾಗಳು ಅದನ್ನು ಬಿಡುತ್ತವೆ. ಇದು ವಿಷ. ಮುಚ್ಚಿದ ಮ್ಯಾನ್‌ಹೋಲ್ ತೆಗೆದಾಗ ವಾಸನೆ ಬಂದು ಸ್ವಲ್ಪ ಹೊತ್ತಿಗೆ ನಿಂತರೆ, ಗಾಳಿ ಸ್ವಚ್ಛ ಆಯಿತು ಅಂತ ಒಳಗೆ ಬಗ್ಗಬೇಡಿ, ಯಾರನ್ನೂ ಇಳಿಸಬೇಡಿ. ಈ ಅನಿಲ ಜಾಸ್ತಿಯಾದಾಗ ಮೂಗೇ ಕೆಲಸ ನಿಲ್ಲಿಸುತ್ತದೆ.